ಮೂವತ್ತನೇ ತಾರೀಖಿನ ತಂಪು

ಹೋಟೆಲಿನ ಫ್ರಿಜ್ಜಿಗೆ ಅಂಟಿಸಿದ್ದ ಪಟ್ಟಿಯ ಮೇಲೆ ಬೆರಳಿಟ್ಟ ಆಹಾರ ಇಲಾಖೆಯ ಇನ್‌ಸ್ಪೆಕ್ಟರ್ ಮೇಡಂಗೆ ಮೈಯೆಲ್ಲ ಉರಿದುಹೋಯಿತು. ಒಳಗಿನ ತಂಪು ಎಷ್ಟಿದೆ ಅಂತ ದಿನಾ ಅಳೆದು ಬರೆಯಬೇಕಾದ ಪಟ್ಟಿ ಅದು. ನಾಲ್ಕು ಡಿಗ್ರಿ, ನಾಲ್ಕು ಡಿಗ್ರಿ ಅಂತ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಮೂವತ್ತನೇ ತಾರೀಖಿನ ತನಕ ತುಂಬಿತ್ತು.

"ಇವತ್ತು ಎಷ್ಟನೇ ತಾರೀಖು ಸ್ವಾಮಿ?"

"ಹನ್ನೆರಡು ಮೇಡಂ," ಅಂದ ಮಾಲೀಕ. "ನಮ್ಮನೆಯವಳು ಒಂದೇ ಸಲಕ್ಕೆ ಕೂತು ಬರೆದು ಮುಗಿಸಿಬಿಟ್ಟಳು. ಕೆಲಸ ಬಾಕಿ ಇಟ್ಟುಕೊಳ್ಳೋದು ಅವಳಿಗೆ ಆಗಿಬರಲ್ಲ."

ಮೇಡಂ ತಮ್ಮ ಥರ್ಮಾಮೀಟರನ್ನು ಒಳಗಿಟ್ಟು ನೋಡಿದರು. ಹದಿನೇಳು! ಕೋಳಿಮಾಂಸದ ಡಬ್ಬಿ ತೆರೆದರೆ ಕೊಳೆತ ವಾಸನೆ. ಹಲ್ಲು ಕಚ್ಚಿಕೊಂಡು ಹೋಟೆಲ್ ಮುಚ್ಚಿಸುವ ನೋಟಿಸ್ ಬರೆದು ಕೊಟ್ಟರು. ಸಾಕ್ಷಿಗಿರಲಿ ಅಂತ ಪಟ್ಟಿಯನ್ನು ಪರ್ರನೆ ಕಿತ್ತರು.

"ಅದನ್ನ ಕೀಳಬೇಡಿ ಮೇಡಂ, ಪಾಸಾಗಿರೋ ಪಟ್ಟಿ ಅದು! ಬೇಕಾದರೆ ಕೆಳಗೆ ನೋಡಿ."

ನೋಡಿದರು. ಮೂವತ್ತನೇ ತಾರೀಖಿನ ಮುಂದೆ 'ಪರಿಶೀಲಿಸಲಾಗಿದೆ' ಅಂತ ಠಸ್ಸೆ ಬಿದ್ದಿತ್ತು. ಅದರ ಮೇಲೆ ಬಾಲ ಸುರುಳಿ ಸುತ್ತಿದ ಸಹಿ. "ಸುಮ್ಮನೆ ಹೋಗಿ ಬನ್ನಿ, ಅಲ್ಲೇನೂ ಇರಲ್ಲ" ಅಂತ ಬೆಳಿಗ್ಗೆ ಇಲ್ಲಿಗೆ ಕಳಿಸಿದ ತಮ್ಮ ಸಾಹೇಬರದ್ದೇ.

ಮೇಡಂ ಚೀಲದಿಂದ ಇನ್ನೊಂದು ಹಾಳೆ ಎಳೆದು, ಫ್ರಿಜ್ಜಿನ ಬಾಗಿಲಿಗೇ ಒತ್ತಿಟ್ಟು ಬರೆಯತೊಡಗಿದರು.

"ಅಯ್ಯೋ, ನನಗೊಬ್ಬನಿಗೇ ಎರಡೆರಡು ನೋಟಿಸಾ?"

"ನಿಮಗೆ ಒಂದೇ," ಅಂದರು ಮೇಡಂ, ಪೆನ್ನು ನಿಲ್ಲಿಸದೆ.