ನಾಲ್ಕು ಬೆರಳಿನ ಮಡಿಕೆ

"ವರ್ಷದ ಲೆಕ್ಕದಾಗ ಧಾರವಾಡದ ಅಂಗಡೀನ ಹಿಂದ ಬಿದ್ದೈತಿ. ನಾಲ್ಕು ಕ್ವಾರ್ಟರಿನಾಗ ಒಂದರಾಗೂ ಮ್ಯಾಲೆ ಬರಲಿಲ್ಲ. ಮುಚ್ಚಿಬಿಡೂಣೇನ್ರಿ ಭಾಗ್ಯಾ?"

ಶಾಲಾ ಯೂನಿಫಾರ್ಮಿನ ಐದು ಅಂಗಡಿಗಳ ಮಾಲೀಕ ನೀಲಪ್ಪ ಹಾಗೆ ಕೇಳಿದಾಗ, ಧಾರವಾಡದ ಅಂಗಡಿ ನೋಡಿಕೊಳ್ಳುವ ಭಾಗ್ಯಾ ಚೀಲದಿಂದ ಒಂದು ನೀಲಿ ಸ್ಕರ್ಟ್ ತೆಗೆದು, ಅದರ ಅಂಚನ್ನು ತಿರುವಿ ಮೇಜಿನ ಮೇಲಿಟ್ಟಳು. ಒಳಗೆ ನಾಲ್ಕು ಬೆರಳಗಲ ಬಟ್ಟೆಯನ್ನು ಮಡಚಿ ಹೊಲಿಯಲಾಗಿತ್ತು.

"ನಾನ ಹಿಂಗ ಹೊಲಿಸೇನ್ರಿ. ಹುಡುಗ್ಯಾರು ಎತ್ತರಾದ್ರ ಮಡಿಕಿ ಬಿಚ್ಚಿ ಮತ್ತೊಂದು ವರ್ಷ ಹಾಕ್ಕೋತಾರ. ಅದಕ್ಕ ಮರುವರ್ಷ ಅಂಗಡಿಗೆ ಬರಂಗಿಲ್ರಿ."

ಪಕ್ಕದಲ್ಲಿ ಕೂತಿದ್ದ, ಹುಬ್ಬಳ್ಳಿ ಅಂಗಡಿ ನೋಡಿಕೊಳ್ಳುವ ಕೇದಾರ ನಕ್ಕುಬಿಟ್ಟ. ನೀಲಪ್ಪ ನಗಲಿಲ್ಲ. ಮಡಿಕೆಯ ಮೇಲೆ ಹೆಬ್ಬೆರಳಾಡಿಸುತ್ತ ಕೇಳಿದರು.

"ಬಿಚ್ಚಿದ ಮ್ಯಾಲೆ ಹಳೇ ಗೆರಿ ಎದ್ದು ಕಾಣ್ತೈತಲ್ರಿ?"

"ಒಗದಂಗ ಒಗದಂಗ ಹೋಗ್ತೈತ್ರಿ ಸರ್."

"ಹೋಗಂಗಿಲ್ಲವ್ವಾ," ನೀಲಪ್ಪ ಮೆಲ್ಲಗೆ ಅಂದರು. "ನನ್ನ ಚಡ್ಡೀದು ಸಾಲಿ ಮುಗಿಯೂತನಾ ಹೋಗಲಿಲ್ಲ. ಬಿಚ್ಚಿದ್ದನ್ನ ತಂದವರಿಗೆ ಗೆರಿ ಮುಚ್ಚೂವಂಗ ಒಂದು ಪಟ್ಟಿ ಹೊಲದು ಕೊಡ್ರಿ, ಪುಕ್ಕಟ."

ಆಮೇಲೆ ಸ್ಕರ್ಟನ್ನು ಕೇದಾರನ ಕಡೆ ಸರಿಸಿದರು.

"ಹುಬ್ಬಳ್ಳ್ಯಾಗೂ."