ಒಂಟಿಯಾಗಿ ಬಂದ ನೆರಳು

ಮಂಗಳವಾರ ಬೆಳಿಗ್ಗೆ ಚನ್ನವೀರನ ನೆರಳೊಂದೇ ಮನೆಗೆ ಬಂದು ಹೊಸ್ತಿಲ ಬಳಿ ಕುಳಿತಾಗ, ತಮ್ಮ ಇನ್ನಿಲ್ಲವೆಂದು ಗುರುಬಸಪ್ಪನವರಿಗೆ ತಿಳಿಯಿತು. ಮನಸ್ಸಿನ ಕಾಯಿಲೆ ಬಂದವರ ನೆರಳು ಮೈಯಿಂದ ಕಳಚಿಕೊಂಡು ನಾಲ್ಕು ಮಾರು ಹಿಂದೆ ನಡೆಯುವುದು ಆ ಊರಿಗೆ ಹೊಸದಲ್ಲ. ಆದರೆ ಮನುಷ್ಯ ಸತ್ತಾಗ ಮಾತ್ರ ಅದು ಒಂಟಿಯಾಗಿ ಮರಳುತ್ತಿತ್ತು.

ಆಸ್ಪತ್ರೆಯ ಗುಳಿಗೆಯಿಂದ ಆ ನೆರಳು ಚನ್ನವೀರನ ಹಿಮ್ಮಡಿಯವರೆಗೂ ಮರಳಿ ಬಂದಿತ್ತು. ಆಮೇಲೆ ಮಠದಲ್ಲಿ ಹನ್ನೊಂದು ಸೋಮವಾರದ ವ್ರತ ಹಿಡಿಸಿದಾಗ, ವ್ರತಕ್ಕೆ ಭಂಗ ಬಂದೀತೆಂದು ಗುರುಬಸಪ್ಪನವರೇ ಗುಳಿಗೆಯ ಡಬ್ಬಿಯನ್ನು ಅಟ್ಟದ ಮೇಲಿಟ್ಟಿದ್ದರು. ಅಂದಿನಿಂದ ನೆರಳು ಮತ್ತೆ ದಿನಕ್ಕಿಷ್ಟು ಹಿಂದೆ ಸರಿದಿತ್ತು.

ಸುದ್ದಿ ಕೇಳಿ ಮಠದ ಸ್ವಾಮಿಗಳು ಓಡಿಬಂದರು. "ಗುಳಿಗಿ ತಪ್ಪದ ನುಂಗತಿದ್ದನಿಲ್ಲೋ?"

"ವ್ರತದಾಗ ಹ್ಯಾಂಗ ಕೊಡೋದ್ರೀ ಅಜ್ಜಾರ? ಬಿಡಿಸಿದ್ದೆ."

"ಬಿಡಸು ಅಂತ ಯಾರ ಹೇಳಿದ್ರಪಾ? ನಾನೂ ದಿನಾ ಸಕ್ಕರಿ ಬ್ಯಾನಿ ಗುಳಿಗಿ ನುಂಗೇ ಪೂಜಿಗೆ ಕೂಡ್ತೀನಿ!"

ಸತ್ತವರ ನೆರಳಿಗೆ ನೀರು ಹಾಕುವ ರೂಢಿಯಂತೆ ಗುರುಬಸಪ್ಪನವರು ಚೊಂಬು ಎತ್ತಿದರು. ನೀರು ಹಾಕದೆ ಅದನ್ನು ಹಾಗೇ ಕೆಳಗಿಟ್ಟರು. ನೆರಳು ಅಟ್ಟದ ಕಡೆಗೇ ಮುಖ ಮಾಡಿ ಕುಳಿತಿತ್ತು. ಅವರು ಅದರ ಮುಂದೆ ಮೊಣಕಾಲೂರಿ ಕೈಮುಗಿದರು.

"ಶಿವನೇ, ತಪ್ಪು ನಂದು. ಅವನನ್ನೂ ಅವನ ನೆರಳನ್ನೂ ನಿನ್ನ ಪಾದದಾಗ ಮತ್ತ ಕೂಡಸು. ನನ್ನ ತಮ್ಮಗ ಶಾಂತಿ ಕೊಡು."