ಗೋಡೆಯ ಮೇಲಿನ ಸಿಪಾಯಿ

"ಇವರು ಯಾವ ಪಡೆಯಲ್ಲಿದ್ರು?" ಮಾವನಾಗಬೇಕಾದವರು ಕುರ್ಚಿಯಿಂದೆದ್ದು ಗೋಡೆಯತ್ತ ನಡೆದೇಬಿಟ್ಟರು.

ಅವಳ ಎದೆ ಉಬ್ಬಿತು. ನಿವೃತ್ತ ಸೈನಿಕರ ಮನೆಗೆ ಸೊಸೆಯಾಗಿ ಹೋಗುವವಳು. ತನ್ನ ತಾತನೂ ಯುದ್ಧ ಮಾಡಿದವರೆಂದು ಮೊದಲ ಭೇಟಿಯಲ್ಲೇ ಕೊಚ್ಚಿಕೊಂಡಿದ್ದಳು. ಸಾಕ್ಷಿ, ಅಂಗೈಯಗಲದ ಚೌಕಟ್ಟಿನಲ್ಲಿದ್ದ ಆ ಬಣ್ಣದ ಚಿತ್ರ: ಕೆಂಪು ಕೋಟು, ಹುರಿಮೀಸೆ, ಶತ್ರುವನ್ನೇ ಅಣಕಿಸುವಂತೆ ಮೇಲೇರಿದ ಎಡಹುಬ್ಬು. ಅವಳು ಹುಟ್ಟುವ ಮೊದಲೇ ತಾತ ತೀರಿಕೊಂಡಿದ್ದರು. ಅಜ್ಜಿಯ ಕಥೆಗಳ ರಾಜಕುಮಾರರಿಗೆಲ್ಲ ಇದೇ ಮುಖ ತೊಡಿಸಿ ಬೆಳೆದವಳು ಅವಳು. ಅದೇ ಹುಬ್ಬು ತನಗೂ ಬಂದಿದೆಯೆಂದು ಜಂಬ ಬೇರೆ.

"ಅಜ್ಜೀನ ಕೇಳಿ, ರಸವತ್ತಾಗಿ ಹೇಳ್ತಾಳೆ."

ಮಾತಿನ ಮಲ್ಲಿ ಅಜ್ಜಿ ಇವತ್ತು ಬಾಯಿಗೆ ಬೀಗ ಹಾಕಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು.

ಮಾವ ಚೌಕಟ್ಟನ್ನು ಮೊಳೆಯಿಂದ ತೆಗೆದರು. ಹಿಂಬದಿಯ ರಟ್ಟು ಸಡಿಲವಾಗಿತ್ತು. ಚಿತ್ರ ಅವರ ಕೈಗೇ ಜಾರಿತು. ಅದರ ಬೆನ್ನಿನಲ್ಲಿದ್ದ ಅಕ್ಷರಗಳನ್ನು ಅವರು ಜೋರಾಗಿ ಓದಿದರು.

"'ಧೀರರು ಸೇದುವ ಸಿಗರೇಟು. ವೀರಯೋಧರ ಪೂರ್ತಿ ಮಾಲೆ ಕೂಡಿಸಿ!' ಅರೆ, ಇದು ಪ್ಯಾಕಿನೊಳಗೆ ಬರ್ತಿದ್ದ ಚೀಟಿ ಅಲ್ವಾ? ನಮ್ಮಪ್ಪನ ಪೆಟ್ಟಿಗೇಲೂ ಇಂಥವು ಇದ್ವು!"

ಭೂಮಿ ಬಾಯ್ಬಿಡಬಾರದೇ ಅನ್ನಿಸಿತು ಅವಳಿಗೆ. ಮದುವೆಯಾಗಬೇಕಾದವನು ಕಾಫಿ ಲೋಟದೊಳಗೆ ಏನನ್ನೋ ಹುಡುಕತೊಡಗಿದ. ಅವಳ ಕೈ ತಾನಾಗಿ ಹುಬ್ಬನ್ನು ಮುಚ್ಚಿಕೊಂಡಿತು.

"ಇಷ್ಟು ವರ್ಷ ನನ್ನ ಕಿವಿ ಮೇಲೆ ಹೂವಿಟ್ಟೆಯಾ ಅಜ್ಜಿ? ಯಾರೋ ಬೀದೀಲಿ ಹೋಗೋನನ್ನ ತಾತ ಅಂತ ತೋರಿಸೋಕೆ ನಾಚಿಕೆ ಆಗ್ಲಿಲ್ವಾ?"

ಅಜ್ಜಿ ತಲೆ ತಗ್ಗಿಸಿದಳು.

"ನಾಚಿಕೆಯಿಂದ ಸತ್ತಿದ್ದು ನಿನ್ನ ತಾತ ಕಣೇ. ಹುಟ್ಟುಕುಂಟ ಅಂತ ಸೈನ್ಯದೋರು ಬಾಗಿಲಿಂದಲೇ ವಾಪಸ್ ಕಳಿಸಿದ್ರು. ಈ ಚೀಟಿ ಅಚ್ಚು ಹಾಕೋ ಕಡೆ ಚಿತ್ರ ಬರೀತಿದ್ರು. ಇದೂ ಅವರು ಬರೆದದ್ದೇ. ನಿಮ್ಮಪ್ಪ ಚಿಕ್ಕವನಿದ್ದಾಗ ಇದನ್ನ ತೋರಿಸಿ, 'ಇದು ಅಪ್ಪಾನಾ?' ಅಂದ. ನಿನ್ನ ತಾತನ ಮುಖ ಅರಳಿದ್ದು ನೋಡಿ ಹೂಂ ಅಂದುಬಿಟ್ಟೆ. ಅವತ್ತಿಂದ ಆ ಕುಂಟು ಗುಂಡೇಟಿನದಾಯ್ತು."

ಮಾವ ಚೀಟಿಯನ್ನು ಮೆಲ್ಲಗೆ ಚೌಕಟ್ಟಿಗೆ ಸೇರಿಸಿದರು.

"ಹಾಗಾದ್ರೆ ಈ ಸಿಪಾಯಿ ಯಾರಮ್ಮ? ಯಾರನ್ನೋ ನಿಲ್ಲಿಸಿಕೊಂಡು ಬರೆದ ಹಾಗಿದೆ."

"ಗಂಡಸರೆಲ್ಲ ಯುದ್ಧಕ್ಕೆ ಹೋಗಿದ್ರು ಬೀಗರೇ. ಕೋಟು ತೊಟ್ಟು ಎದುರಿಗೆ ನಿಲ್ಲೋಕೆ ಅವರಿಗೆ ಇನ್ಯಾರು ಸಿಗ್ತಿದ್ರು?"

ಅಜ್ಜಿ ತೋರುಬೆರಳನ್ನು ಮೂಗಿನ ಕೆಳಗೆ ಮೀಸೆಯಂತೆ ಅಡ್ಡ ಹಿಡಿದಳು. ಎಡಹುಬ್ಬು ತಾನಾಗಿ ಮೇಲೇರಿತು.